ಹಸುವಿನ ಭ್ರೂಣ 8 ಕೋಶಕ್ಕೇ ನಿಲ್ಲುತ್ತಿದೆ, ಗ್ಲೂಕೋಸ್ ಜಾಸ್ತಿ ಮಾಡಲಾ?

ಲ್ಯಾಬ್‌ಹುಡುಗಿ:
ಕಸಾಯಿಖಾನೆಯಿಂದ ತಂದ ಅಂಡಾಶಯಗಳಿಂದ ಅಂಡಾಣು ತೆಗೆದು ಐವಿಎಫ್ ಮಾಡುತ್ತಿದ್ದೇನೆ. ಶುರುವಿನಲ್ಲಿ ಚೆನ್ನಾಗಿಯೇ ಒಡೆಯುತ್ತವೆ, ಆದರೆ 8-16 ಕೋಶಕ್ಕೆ ಬಂದು ಹೆಚ್ಚಿನವು ನಿಂತೇಬಿಡುತ್ತವೆ. ಮೀಡಿಯಾ (ಭ್ರೂಣ ಬೆಳೆಸುವ ದ್ರವ) ಎಸ್‌ಒಎಫ್, ಅಂದರೆ ಅಂಡನಾಳದ ದ್ರವದಂತೆ ತಯಾರಿಸಿದ್ದು; ಅದರಲ್ಲಿ ಗ್ಲೂಕೋಸ್ 1.5 ಮಿಲಿಮೋಲಾರ್, ಅಮೈನೋ ಆಮ್ಲ ಹಾಕಿಲ್ಲ. ಇನ್‌ಕ್ಯುಬೇಟರ್‌ನಲ್ಲಿ 5% ಕಾರ್ಬನ್ ಡೈಆಕ್ಸೈಡ್, ಉಳಿದದ್ದು ಮಾಮೂಲಿ ಗಾಳಿ. ಆಹಾರ ಸಾಲುತ್ತಿಲ್ಲವೇನೋ, ಗ್ಲೂಕೋಸ್ ಹೆಚ್ಚಿಸಿದರೆ ಸರಿಹೋಗುತ್ತೆ ಅಲ್ವಾ?

ಬಿಳಿಕೋಟು:
ಬೇಡ ಮೇಡಂ, ಉಲ್ಟಾ ಹೊಡೆಯುತ್ತದೆ. ಮೊದಲ ದಿನಗಳಲ್ಲಿ ಭ್ರೂಣ ನಡೆಯುವುದೇ ಪೈರುವೇಟ್, ಲ್ಯಾಕ್ಟೇಟ್ ಎಂಬ ಸಣ್ಣ ಇಂಧನಗಳ ಮೇಲೆ. ಆಗ ಗ್ಲೂಕೋಸ್ 5.5 ಮಿಲಿಮೋಲಾರ್ ಹತ್ತಿರ ಕೊಟ್ಟರೆ ಬೆಳವಣಿಗೆಗೇ ಅಡ್ಡಿ. ಮೊರುಲಾ (ಕೋಶಗಳ ಉಂಡೆ) ಗಟ್ಟಿಯಾದ ಮೇಲೆ ಗ್ಲೂಕೋಸ್ ಬಳಕೆ ಏರುತ್ತದೆ, ಬ್ಲಾಸ್ಟೊಸಿಸ್ಟ್‌ನಲ್ಲಿ (ಒಳಗೆ ದ್ರವ ತುಂಬಿದ ಮುಂದಿನ ಹಂತ) ಇನ್ನೂ ಜಾಸ್ತಿ. 8-16 ಕೋಶದಲ್ಲಿ ನಿಲ್ಲುವುದಕ್ಕೂ ಕಾರಣವಿದೆ: ತಾಯಿ ಅಂಡಾಣುವಿನಲ್ಲಿ ಕಟ್ಟಿಕೊಟ್ಟ ಬುತ್ತಿ ಅಷ್ಟೊತ್ತಿಗೆ ಮುಗಿಯುತ್ತಾ ಬಂದಿರುತ್ತದೆ, ಭ್ರೂಣದ ಸ್ವಂತ ಜೀನುಗಳು ಆಗಲೇ ಕೆಲಸ ಶುರು ಮಾಡಬೇಕು. ಪರಿಸ್ಥಿತಿ ಸರಿಯಿಲ್ಲದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ನನಗೆ ಅನುಮಾನ ನಿಮ್ಮ ಆಮ್ಲಜನಕದ ಮೇಲೆ. ಗಾಳಿಯ 20% ಬಿಟ್ಟು 5% ಮಾಡಿ ನೋಡಿ.

ಗೋಶಾಲೆ:
ಸುಮ್ನೆ ಯಾಕೆ ಇಷ್ಟು ತಲೆಬಿಸಿ? 10% ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಸುರಿಯಿರಿ, ಏಳನೇ ದಿನಕ್ಕೆ ಬ್ಲಾಸ್ಟೊಸಿಸ್ಟ್ ಸಿಗುತ್ತೆ.

ಬಿಳಿಕೋಟು:
ಸಿಗುತ್ತೆ ಸರ್, ಆದರೆ ಎಂಥದ್ದು? ಸೀರಮ್ ಮೊದಲ ವಿಭಜನೆಗಳನ್ನು ತಡೆಯುತ್ತದೆ, ಆಮೇಲೆ ಬೆಳವಣಿಗೆಯ ವೇಗ ಹೆಚ್ಚಿಸುತ್ತದೆ. ಒಳಗೆ ಕೊಬ್ಬಿನ ಹನಿಗಳು ತುಂಬಿಕೊಂಡು ಫ್ರೀಜ್ ಮಾಡಿದಾಗ ಬದುಕುವುದು ಕಷ್ಟ. ಅತಿ ದೊಡ್ಡ ಕರು ಹುಟ್ಟುವ ತೊಂದರೆಗೂ ಸೀರಮ್‌ಗೂ ನಂಟಿದೆ. ಕರು ಹಾಕುವಾಗ ಒದ್ದಾಡುವುದು ಹಸು, ನಾವಲ್ಲ.

ಹನಿಎಣ್ಣೆ:
ಬಿಳಿಕೋಟು ಹೇಳಿದ್ದು ಸರಿ, ಆದರೆ ಅಮೈನೋ ಆಮ್ಲದ ಮಾತೇ ಎತ್ತಲಿಲ್ಲ! 1972ರ ಮೂಲ ಎಸ್‌ಒಎಫ್‌ನಲ್ಲಿ ಅವು ಇರಲಿಲ್ಲ, ಈಗ ಹಾಕದವರು ಕಡಿಮೆ. ನಾನ್-ಎಸೆನ್ಷಿಯಲ್ (ದೇಹ ತಾನೇ ತಯಾರಿಸಿಕೊಳ್ಳಬಲ್ಲ) ಅಮೈನೋ ಆಮ್ಲಗಳನ್ನು ಮೊದಲಿಂದಲೇ ಕೊಡಿ. ಗ್ಲುಟಮಿನ್ ಮಾತ್ರ ಜೋಪಾನ, 38.5 ಡಿಗ್ರಿಯಲ್ಲಿ ತಾನಾಗೇ ಒಡೆದು ಅಮೋನಿಯಾ ಬಿಡುತ್ತದೆ. ಅದರ ಬದಲು ಅಲನಿಲ್-ಗ್ಲುಟಮಿನ್ ಬಳಸಿದರೆ ಆ ಕಾಟ ತುಂಬಾ ಕಡಿಮೆ. ಮಧ್ಯೆ ಒಮ್ಮೆ ಹೊಸ ಮೀಡಿಯಾಕ್ಕೆ ಬದಲಾಯಿಸಿ. ಸೀರಮ್ ಜಾಗಕ್ಕೆ ಕೊಬ್ಬಿನಾಮ್ಲ ತೆಗೆದ ಬಿಎಸ್‌ಎ (ಹಸುವಿನ ರಕ್ತದ ಅಲ್ಬುಮಿನ್ ಪ್ರೋಟೀನ್) ಸಾಕು.

ಲ್ಯಾಬ್‌ಹುಡುಗಿ:
ನಮ್ಮ ಇನ್‌ಕ್ಯುಬೇಟರ್‌ನಲ್ಲಿ ಆಮ್ಲಜನಕ ಇಳಿಸುವ ವ್ಯವಸ್ಥೆಯೇ ಇಲ್ಲ, ಏನು ಮಾಡಲಿ?

ಹನಿಎಣ್ಣೆ:
ಗಾಳಿಯಾಡದ ಡಬ್ಬಿ ತಗೊಳ್ಳಿ. ಡಿಶ್ ಒಳಗಿಟ್ಟು 5% ಆಮ್ಲಜನಕ, 5% ಕಾರ್ಬನ್ ಡೈಆಕ್ಸೈಡ್, 90% ನೈಟ್ರೋಜನ್ ಮಿಶ್ರಣ ಹಾಯಿಸಿ, ಮುಚ್ಚಿ, ಅದೇ ಇನ್‌ಕ್ಯುಬೇಟರ್‌ನಲ್ಲಿಡಿ. ತಳದಲ್ಲಿ ನೀರಿನ ತಟ್ಟೆ ಇರಲಿ. ಮೊದಲ ಬ್ಯಾಚ್‌ನಲ್ಲಿ ಗ್ಯಾಸ್ ಮಾತ್ರ ಬದಲಿಸಿ, ಅಮೈನೋ ಆಮ್ಲ ಮುಂದಿನದಕ್ಕೆ. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ.