ಚರಂಡಿ ನೀರಿನಲ್ಲಿ ವೈರಸ್: ಕೇಳಿ, ವೈರಾಲಜಿಸ್ಟ್ ಉತ್ತರಿಸುತ್ತಾರೆ

ಅಡ್ಮಿನ್: ಈ ವಾರ ನಮ್ಮ ಜೊತೆ ಇರುವವರು ಒಳಚರಂಡಿ ನೀರಿನಿಂದ ವೈರಸ್ ಹಿಡಿದು ಅದರ ಜೀನೋಮ್ (ಪೂರ್ತಿ ಆನುವಂಶಿಕ ಬರಹ) ಓದುವ ಲ್ಯಾಬ್‌ನ ವೈರಾಲಜಿಸ್ಟ್. ಹೆಸರು ಹಾಕಬೇಡಿ ಅಂದಿದ್ದಾರೆ, ಮೇಡಂ ಅಂತ ಕರೆದರೆ ಸಾಕು. ಪ್ರಶ್ನೆ ಕಾಮೆಂಟ್‌ನಲ್ಲಿ ಹಾಕಿ. ಫಾರ್ವರ್ಡ್‌ಗಳು ಬೇಡ.

ನೀಲಿಹಕ್ಕಿ: ಮೇಡಂ ನಮಸ್ಕಾರ. ಚರಂಡಿಯಲ್ಲಿ ಕೊರೊನಾ ಸಿಕ್ಕಿತು ಅಂತ ಸುದ್ದಿ ಬರುತ್ತಲ್ಲ, ಹಾಗಾದರೆ ನಲ್ಲಿ ನೀರಿಗೂ ಬರುತ್ತಾ?

ಮೇಡಂ: ನಮಸ್ಕಾರ. ಇಲ್ಲ. ನಾವು ಸ್ಯಾಂಪಲ್ ತೆಗೆಯುವುದು ಶೌಚಾಲಯಗಳಿಂದ ಶುದ್ಧೀಕರಣ ಘಟಕಕ್ಕೆ ಹೋಗುವ ಕೊಳಚೆಯಿಂದ. ಕುಡಿಯುವ ನೀರಿನ ಲೈನ್ ಬೇರೆ. ನಮಗೆ ಸಿಗುವುದು ಬಹುಪಾಲು ಆರ್‌ಎನ್‌ಎ, ಅಂದರೆ ವೈರಸ್‌ನ ಜೀನೋಮ್‌ನ ಚೂರುಗಳು, ಜೀವಂತ ವೈರಸ್ ಅಲ್ಲ. ಕೊರೊನಾಗೆ ಮೇಲೊಂದು ಕೊಬ್ಬಿನ ಪೊರೆ ಇದೆ, ಕೊಳಚೆಯಲ್ಲಿ ಅದು ಬೇಗ ಹಾಳಾಗುತ್ತದೆ. ಪೋಲಿಯೊ, ವಾಂತಿಭೇದಿ ತರುವ ನೊರೊವೈರಸ್‌ಗಳಿಗೆ ಆ ಪೊರೆ ಇಲ್ಲ, ಅವು ಗಟ್ಟಿ. ಪೈಪ್ ಒಡೆದು ಎರಡೂ ನೀರು ಬೆರೆತರೆ ಭಯಪಡಬೇಕಾದದ್ದು ಇವುಗಳಿಗೆ. ನಲ್ಲಿ ನೀರು ಕೊಳಚೆ ವಾಸನೆ ಬಂದರೆ ಕುದಿಸಿ ಕುಡಿಯಿರಿ, ತಕ್ಷಣ ದೂರು ಕೊಡಿ.

ಎಂಎಸ್ಸಿ ಫೈನಲ್: ಲಕ್ಷಾಂತರ ಜನರದ್ದು ಒಂದೇ ನೀರಲ್ಲಿ ಬೆರೆತಿರುತ್ತೆ. ಯಾವ ತಳಿ ಅಂತ ಹೇಗೆ ಬೇರೆ ಮಾಡ್ತೀರಿ?

ಮೇಡಂ: ಘಟಕದ ಬಾಯಲ್ಲಿ 24 ಗಂಟೆ ಸ್ವಲ್ಪ ಸ್ವಲ್ಪವೇ ನೀರು ಎಳೆಯುವ ಯಂತ್ರ ಇಡುತ್ತೇವೆ. ಅದರಲ್ಲಿರುವ ವೈರಸ್ ಅನ್ನು ಒಟ್ಟುಮಾಡಿ, ಆರ್‌ಎನ್‌ಎ ತೆಗೆದು, ಮೊದಲು ಪಿಸಿಆರ್ ಮಾಡುತ್ತೇವೆ. ವೈರಸ್ ಎಷ್ಟಿದೆ ಅಂತ ಪಿಸಿಆರ್ ಹೇಳುತ್ತದೆ, ಯಾವ ತಳಿ ಅನ್ನುವುದನ್ನು ಸೀಕ್ವೆನ್ಸಿಂಗ್, ಅಂದರೆ ಜೀನೋಮ್ ಅನ್ನು ಅಕ್ಷರ ಅಕ್ಷರವಾಗಿ ಓದುವುದು, ಹೇಳಬೇಕು. ಕೊರೊನಾ ಜೀನೋಮ್ ಸುಮಾರು 30,000 ಅಕ್ಷರ ಉದ್ದ. ಅದನ್ನು ಸುಮಾರು 400 ಅಕ್ಷರಗಳ ತುಂಡುಗಳಾಗಿ, ಅಂಚುಗಳು ಒಂದರ ಮೇಲೊಂದು ಬರುವ ಹಾಗೆ, ಪ್ರತಿ ಮಾಡಿ ಓದುತ್ತೇವೆ. ಕಷ್ಟ ಇರುವುದು ಆಮೇಲೆ. ಸಾವಿರಾರು ಜನರ ಪತ್ರಗಳನ್ನು ಹರಿದು ಒಂದೇ ಚೀಲಕ್ಕೆ ತುಂಬಿದ ಹಾಗಿರುತ್ತದೆ. ಈ ಚೂರೂ ಆ ಚೂರೂ ಒಂದೇ ವೈರಸ್‌ನದ್ದು ಅಂತ ಹೇಳಲು ಬರುವುದಿಲ್ಲ. ಹಾಗಾಗಿ ಗೊತ್ತಿರುವ ತಳಿಗಳ ಬದಲಾವಣೆಗಳ ಪಟ್ಟಿ ಇಟ್ಟುಕೊಂಡು, ಯಾವ ತಳಿ ಎಷ್ಟು ಪಾಲು ಬೆರೆತರೆ ಈ ಲೆಕ್ಕ ಬರುತ್ತದೆ ಅಂತ ಸಾಫ್ಟ್‌ವೇರ್‌ನಲ್ಲಿ ಹೊಂದಿಸುತ್ತೇವೆ. ಫ್ರೇಯಾ ಅನ್ನುವುದು ಅಂಥದ್ದೊಂದು. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಅದನ್ನು ಬಳಸಿ, ರೋಗಿಗಳ ಸ್ಯಾಂಪಲ್‌ನಲ್ಲಿ ಕಾಣುವುದಕ್ಕಿಂತ 14 ದಿನದವರೆಗೂ ಮೊದಲೇ ಹೊಸ ತಳಿ ಹಿಡಿದರು. 2022ರಲ್ಲಿ ಪ್ರಕಟವಾದ ಕೆಲಸ, ಓದಿ. ಆದರೆ ಪಟ್ಟಿಯಲ್ಲೇ ಇಲ್ಲದ ತಳಿ ಬಂದರೆ ಈ ದಾರಿ ಸಾಲುವುದಿಲ್ಲ.

ಗಣಿತ ಮೇಷ್ಟ್ರು: ಮಳೆ ಬಂದರೆ ನೀರು ಜಾಸ್ತಿಯಾಗಿ ಲೆಕ್ಕ ಕಡಿಮೆ ತೋರಿಸಲ್ವಾ?

ಮೇಡಂ: ತೋರಿಸುತ್ತದೆ. ಅದಕ್ಕೇ ಮೆಣಸಿನ ಗಿಡಕ್ಕೆ ಬರುವ ಒಂದು ವೈರಸ್ ಅನ್ನೂ ಅಳೆಯುತ್ತೇವೆ. ಮೆಣಸಿನಕಾಯಿ ತಿಂದವರ ಮಲದಲ್ಲಿ ಅದು ಧಾರಾಳವಾಗಿ ಇರುತ್ತದೆ, ನಮಗೇನೂ ಮಾಡುವುದಿಲ್ಲ. ಅದು ಎಷ್ಟು ತೆಳುವಾಗಿದೆ ನೋಡಿ ಮಿಕ್ಕ ಲೆಕ್ಕ ಸರಿಮಾಡಬಹುದು.

ಸಂಜೆಮಲ್ಲಿಗೆ: ಮೇಡಂ ಕುಡಿಯೋ ನೀರಲ್ಲೂ ಈ ವೈರಸ್ ಇರುತ್ತಾ?

ಮೇಡಂ: ಮೊದಲನೇ ಉತ್ತರ ನೋಡಿ.

ಪುಟ್ಟನ ಅಮ್ಮ: ಮೇಡಂ, ನಮ್ಮ ಕಡೆ ಚರಂಡಿ ನೀರಲ್ಲಿ ಲಸಿಕೆಯಿಂದ ಹುಟ್ಟಿದ ಪೋಲಿಯೊ ವೈರಸ್ ಸಿಕ್ಕಿದೆಯಂತೆ. ಮಗನಿಗೆ ಎರಡು ವರ್ಷ. ಮನೆ ಬದಲಾಯಿಸುವ ಗಲಾಟೆಯಲ್ಲಿ ಕೆಲವು ಡೋಸ್ ತಪ್ಪಿದೆ. ಈಗ ಹಾಕಿಸಿದರೆ ಲಸಿಕೆಯಿಂದಲೇ ಪೋಲಿಯೊ ಬರುತ್ತೆ ಅಂತ ನಮ್ಮ ಅತ್ತೆಯ ಗ್ರೂಪ್‌ನಲ್ಲಿ ಬಂದಿದೆ. ಸ್ವಲ್ಪ ದಿನ ಕಾಯೋಣ ಅಂತಿದ್ದಾರೆ. ಏನು ಮಾಡಲಿ?

ಮೇಡಂ: ಕಾಯಬೇಡಿ ತಾಯಿ. ನಾಳೆಯೇ ಕರೆದುಕೊಂಡು ಹೋಗಿ ತಪ್ಪಿದ ಡೋಸ್ ಹಾಕಿಸಿ. ಮೊದಲು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಓದಿ.

ಬಾಯಿಗೆ ಹಾಕುವ ಹನಿಯಲ್ಲಿ ಇರುವುದು ಶಕ್ತಿ ಕುಂದಿಸಿದ, ಆದರೆ ಜೀವಂತ ವೈರಸ್. ಅದು ಮಗುವಿನ ಕರುಳಲ್ಲಿ ಕೆಲವು ವಾರ ಬೆಳೆದು ಮಲದಲ್ಲಿ ಹೊರಗೆ ಬರುತ್ತದೆ. ಹನಿ ಹಾಕುವ ಕಡೆ ಚರಂಡಿಯಲ್ಲಿ ಅದು ಸಿಗುವುದು ಸಹಜ. ಪ್ರಶ್ನೆ ಇರುವುದು ಅದು ಎಷ್ಟು ದಿನದಿಂದ ಜನರಲ್ಲಿ ಸುತ್ತುತ್ತಿದೆ ಅನ್ನುವುದರಲ್ಲಿ. ಅದನ್ನು ಹೇಳುವುದು ಸೀಕ್ವೆನ್ಸಿಂಗ್ ಮಾತ್ರ. ಪೋಲಿಯೊ ಜೀನೋಮ್‌ನಲ್ಲಿ ವಿಪಿ1 ಅಂತ ಸುಮಾರು 900 ಅಕ್ಷರಗಳ ಒಂದು ಭಾಗ ಇದೆ. ಅದು ವರ್ಷಕ್ಕೆ ಸುಮಾರು ನೂರಕ್ಕೆ ಒಂದರಷ್ಟು, ಅಂದರೆ ಒಂಬತ್ತು ಅಕ್ಷರಗಳಷ್ಟು, ಬದಲಾಗುತ್ತದೆ. ಒಂದೆರಡು ಅಕ್ಷರ ಮಾತ್ರ ಬದಲಾಗಿದ್ದರೆ ಮೊನ್ನೆ ಮೊನ್ನೆ ಹನಿ ಹಾಕಿಸಿಕೊಂಡ ಮಗುವಿನದ್ದು. ಪೋಲಿಯೊ ವೈರಸ್‌ನಲ್ಲಿ ಮೂರು ಬಗೆ ಇವೆ. ಎರಡನೇ ಬಗೆಯ ವೈರಸ್‌ನಲ್ಲಿ 6, ಒಂದು ಮತ್ತು ಮೂರನೇ ಬಗೆಯಲ್ಲಿ 10 ಬದಲಾವಣೆ ಆದರೆ ಅದನ್ನು ಲಸಿಕೆಯಿಂದ ಹುಟ್ಟಿದ ವೈರಸ್ ಅಂತ ಬೇರೆಯಾಗಿ ಗುರುತಿಸುತ್ತೇವೆ. ಅಷ್ಟು ಬದಲಾಗಬೇಕಾದರೆ ಅದು ತಿಂಗಳುಗಟ್ಟಲೆ ಒಬ್ಬರಿಂದ ಒಬ್ಬರಿಗೆ ದಾಟಿರಬೇಕು, ಇಲ್ಲವೇ ರೋಗನಿರೋಧಕ ಶಕ್ತಿ ಇಲ್ಲದ ಒಬ್ಬರೊಳಗೆ ಉಳಿದಿರಬೇಕು. ಹಾಗೆ ದಾಟಲು ದಾರಿ ಸಿಗುವುದು ಲಸಿಕೆ ಸರಿಯಾಗಿ ಆಗದ ಮಕ್ಕಳು ಜಾಸ್ತಿ ಇರುವ ಕಡೆ. ಅಂದರೆ ನಿಮ್ಮ ಮಗನಿಗೆ ಅಪಾಯ ಬರುವುದೇ ಡೋಸ್ ತಪ್ಪಿರುವುದರಿಂದ. ಫಾರ್ವರ್ಡ್ ಮಾಡಿದವರು ಇದನ್ನು ಪೂರ್ತಿ ತಲೆಕೆಳಗೆ ಮಾಡಿದ್ದಾರೆ.

ಹನಿಯಿಂದ ಅಪಾಯ ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. ಮೊದಲ ಡೋಸ್‌ಗಳಲ್ಲಿ ಸುಮಾರು 27 ಲಕ್ಷಕ್ಕೆ ಒಬ್ಬರಿಗೆ ಹನಿಯಿಂದ ಪಾರ್ಶ್ವವಾಯು ಅನ್ನುವ ಲೆಕ್ಕ ಇದೆ. ಕಾಡು ವೈರಸ್, ಅಂದರೆ ಲಸಿಕೆಯಿಂದ ಬಂದದ್ದಲ್ಲದ ಮೂಲ ಪೋಲಿಯೊ ವೈರಸ್, ತಗುಲಿದರೆ ಸುಮಾರು 200ರಲ್ಲಿ ಒಬ್ಬರಿಗೆ ಪಾರ್ಶ್ವವಾಯು. ಚುಚ್ಚುಮದ್ದಿನಲ್ಲಿ ಇರುವುದು ಸತ್ತ ವೈರಸ್, ಅದರಿಂದ ಪೋಲಿಯೊ ಬರಲು ಸಾಧ್ಯವೇ ಇಲ್ಲ. ಮಗನಿಗೆ ಅಥವಾ ಮನೆಯಲ್ಲಿ ಯಾರಿಗಾದರೂ ರೋಗನಿರೋಧಕ ಶಕ್ತಿಯ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ, ಯಾವುದು ಕೊಡಬೇಕು ಅಂತ ಅವರು ನೋಡುತ್ತಾರೆ.

2022ರಲ್ಲಿ ಲಂಡನ್‌ನ ಬೆಕ್ಟನ್ ಘಟಕದ ನೀರಲ್ಲಿ ಎರಡನೇ ಬಗೆ ಸಿಕ್ಕಿತು. ಯಾರಿಗೂ ಕಾಲು ಬಿದ್ದು ಹೋಗುವ ಮೊದಲೇ ಗೊತ್ತಾಯಿತು, ನಗರದ 1ರಿಂದ 9 ವರ್ಷದ ಮಕ್ಕಳಿಗೆಲ್ಲ ಇನ್ನೊಂದು ಡೋಸ್ ಕೊಟ್ಟರು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್‌ನಲ್ಲಿ ಲಸಿಕೆ ಹಾಕಿಸಿಕೊಳ್ಳದ ಒಬ್ಬರಿಗೆ ಪಾರ್ಶ್ವವಾಯು ಆಯಿತು, ಆಮೇಲೆ ಇಟ್ಟಿದ್ದ ಹಳೆಯ ಕೊಳಚೆ ಸ್ಯಾಂಪಲ್ ನೋಡಿದರೆ ವೈರಸ್ ಅದಕ್ಕೂ ಮೊದಲೇ ಅಲ್ಲಿತ್ತು. ನಿಮಗೆ ಈಗ ಮೊದಲೇ ಗೊತ್ತಾಗಿದೆ. ಆ ಸಮಯ ಕಳೆಯಬೇಡಿ.

ಪುಟ್ಟನ ಅಮ್ಮ: ತುಂಬಾ ಥ್ಯಾಂಕ್ಸ್ ಮೇಡಂ. ಬೆಳಿಗ್ಗೆಯೇ ಹೋಗ್ತೀವಿ.

ಕೆಂಪುಗುಲಾಬಿ: ಎಂಎಸ್ಸಿ ಬಯೋಟೆಕ್ ಆದವರಿಗೆ ಈ ಲ್ಯಾಬ್‌ಗಳಲ್ಲಿ ಕೆಲಸ ಸಿಗುತ್ತಾ?

ಶುಭೋದಯ: ಎಲ್ಲರೂ ಗಮನಿಸಿ 🙏 ವೈರಸ್ ಚರಂಡಿಯಿಂದ ಮನೆಗೆ ವಾಪಸ್ ಬರದ ಹಾಗೆ ರಾತ್ರಿ ಕಮೋಡ್‌ಗೆ ಬ್ಲೀಚಿಂಗ್ ಪೌಡರ್ ಹಾಕಿ, ಮೇಲೆ ಆಸಿಡ್ ಸುರಿದು ಬಾಗಿಲು ಮುಚ್ಚಿ. ದೊಡ್ಡ ಡಾಕ್ಟರ್ ಹೇಳಿದ್ದು. 10 ಜನಕ್ಕೆ ಕಳಿಸಿ.

ಮೇಡಂ: ಯಾರೂ ಮಾಡಬೇಡಿ. ಬ್ಲೀಚ್‌ಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಾತ್‌ರೂಮ್‌ನಲ್ಲಿ ಅದನ್ನು ಉಸಿರಾಡಿದರೆ ಶ್ವಾಸಕೋಶ ಸುಡುತ್ತದೆ, ಜೀವ ಹೋಗಬಹುದು. ಈಗಾಗಲೇ ಹಾಕಿದ್ದರೆ ತಕ್ಷಣ ಹೊರಗೆ ಬನ್ನಿ, ಕೆಮ್ಮು ಅಥವಾ ಉಸಿರಾಟದ ಕಷ್ಟ ಇದ್ದರೆ ಆಸ್ಪತ್ರೆಗೆ ಹೋಗಿ. ಅಡ್ಮಿನ್, ದಯವಿಟ್ಟು ಆ ಮೆಸೇಜ್ ತೆಗೆಯಿರಿ.

ಶುಭೋದಯ: ಒಳ್ಳೇದಕ್ಕೆ ಹಾಕಿದ್ದು ಮೇಡಂ. ನಿಮಗೆ ಎಲ್ಲಾ ಗೊತ್ತು ಅಂತ ಹೀಗೆ ಮಾತಾಡಬೇಡಿ.

ಮೇಡಂ: ಒಳ್ಳೆಯದಕ್ಕೆ ಹಾಕಿದರೂ ಅದು ವಿಷವೇ. ಡಿಲೀಟ್ ಮಾಡಿ, ಕಳಿಸಿದವರಿಗೂ ಹೇಳಿ.

ಅಡ್ಮಿನ್: ಆ ಮೆಸೇಜ್ ತೆಗೆದಿದ್ದೇನೆ.

ಸಂಘದ ಕಾರ್ಯದರ್ಶಿ: ನಮ್ಮ ಅಪಾರ್ಟ್‌ಮೆಂಟ್‌ಗೆ ಸ್ವಂತ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಇದೆ. ಅದರ ನೀರು ಟೆಸ್ಟ್ ಮಾಡಿಸಿದೆವು, ವೈರಸ್ ಬಂದಿದೆ. ಪ್ರತಿ ಬ್ಲಾಕ್‌ನ ಪೈಪ್ ಬೇರೆ ಬೇರೆ ಟೆಸ್ಟ್ ಮಾಡಿ ಯಾವ ಮನೆ ಅಂತ ಹಿಡಿಯಬಹುದಾ?

ಮೇಡಂ: ಪೈಪ್ ಹಿಡಿದು ಹಿಂದಕ್ಕೆ ಹೋಗಬಹುದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 2022ರಲ್ಲಿ ಎಲ್ಲೂ ಇಲ್ಲದ ವಿಚಿತ್ರ ಕೊರೊನಾ ತಳಿಯೊಂದು ಕೊಳಚೆಯಲ್ಲಿ ಸಿಕ್ಕಿತು. ಮ್ಯಾನ್‌ಹೋಲ್‌ನಿಂದ ಮ್ಯಾನ್‌ಹೋಲ್‌ಗೆ ಹುಡುಕುತ್ತಾ ಸುಮಾರು 30 ಜನ ಕೆಲಸ ಮಾಡುವ ಒಂದೇ ಕಟ್ಟಡಕ್ಕೆ ಬಂದು ನಿಂತರು. ಅಷ್ಟು ಹತ್ತಿರ ಹೋದರೂ ವ್ಯಕ್ತಿ ಯಾರು ಅಂತ ಸಿಗಲಿಲ್ಲ. ಅದು ಬಹುಶಃ ಒಬ್ಬರಲ್ಲೇ ತಿಂಗಳುಗಟ್ಟಲೆ ಉಳಿದ ಸೋಂಕು. ಅಂಥವರಿಗೆ ಬೇಕಾದದ್ದು ಚಿಕಿತ್ಸೆ. ನೀವು ಕೇಳುತ್ತಿರುವುದು ಚಿಕಿತ್ಸೆ ಕೊಡುವುದಕ್ಕಾ, ಬಾಗಿಲಿಗೆ ಚೀಟಿ ಅಂಟಿಸುವುದಕ್ಕಾ? ದಯವಿಟ್ಟು ಈ ಕೆಲಸಕ್ಕೆ ಹೋಗಬೇಡಿ. ಮಲದಲ್ಲಿ ಚೂರುಗಳು ಗುಣವಾದ ಮೇಲೂ ವಾರಗಟ್ಟಲೆ ಬರುತ್ತವೆ, ಮನೆಗೆ ಬಂದು ಹೋದ ನೆಂಟರದ್ದೂ ಇರಬಹುದು.

ಸಂಘದ ಕಾರ್ಯದರ್ಶಿ: ವಯಸ್ಸಾದವರು ಇದ್ದಾರೆ ಮೇಡಂ. ತಿಳಿದುಕೊಳ್ಳುವ ಹಕ್ಕು ನಮಗಿಲ್ವಾ?

ಮೂರನೇ ಮಹಡಿ: ನಾನೂ ಅದೇ ಅಪಾರ್ಟ್‌ಮೆಂಟ್. ಕಳೆದ ಸಲ ಯಾರಿಗೋ ಜ್ವರ ಬಂದಾಗ ಲಿಫ್ಟ್ ಹತ್ತಬೇಡಿ ಅಂದವರು ಇವರೇ. ಈಗ ನಮ್ಮ ಬಾತ್‌ರೂಮ್‌ವರೆಗೂ ಬಂದಿದ್ದಾರೆ.

ಸಂಘದ ಕಾರ್ಯದರ್ಶಿ: ಸುಮ್ನೆ ಸುಳ್ಳು ಹೇಳಬೇಡಿ. ಮೇಂಟೆನೆನ್ಸ್ ಬಾಕಿ ಇಟ್ಟುಕೊಂಡವರಿಗೆ ಮಾತೇ ಜಾಸ್ತಿ.

ಮೂರನೇ ಮಹಡಿ: ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?

ಗಣಿತ ಮೇಷ್ಟ್ರು: ಇಬ್ಬರೂ ಹೊರಗೆ ಜಗಳ ಆಡಿ. ಮೇಡಂ, ಚರಂಡಿಯಲ್ಲಿ ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಕೂಡ ನೋಡ್ತೀರಾ?

ಸಂಘದ ಕಾರ್ಯದರ್ಶಿ: ನಿಮ್ಮನ್ನು ಯಾರು ಕೇಳಿದ್ದು ಮೇಷ್ಟ್ರೇ?

ಬೆಳ್ಳಿಚುಕ್ಕಿ: ಮೇಡಂ ಫಿಲ್ಟರ್ ನೀರು ಕುಡಿದರೆ ಈ ಚರಂಡಿ ವೈರಸ್ ಬರಲ್ಲ ಅಲ್ವಾ?

ಮೇಡಂ: ಮೂರನೇ ಸಲ. ಮೇಲೆ ಓದಿ.

ಪಂಪ್‌ಹೌಸ್ ಹುಡುಗ: ಮೇಡಂ, ನಾನು ಈ ಟೆಸ್ಟ್‌ಗೆ ಸ್ಯಾಂಪಲ್ ತೆಗೆಯುವ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಗ್ಲೌಸ್ ಮಾತ್ರ ಕೊಟ್ಟಿದ್ದಾರೆ. ಮೇಲಿಂದ ಬಾಟಲಿಗೆ ಸರಿಯಾಗಿ ನೀರು ಸಿಗದಿದ್ದರೆ ಒಳಗೆ ಇಳಿದು ತಾ ಅಂತಾರೆ. ವೈರಸ್ ತಗುಲುತ್ತಾ?

ಮೇಡಂ: ಇಳಿಯಬೇಡಿ ಮರಿ. ಯಾರು ಹೇಳಿದರೂ ಇಳಿಯಬೇಡಿ. ವೈರಸ್ ಆಮೇಲಿನ ಮಾತು, ಒಳಗಿರುವ ಹೈಡ್ರೋಜನ್ ಸಲ್ಫೈಡ್ ಅನಿಲ ನಿಮಿಷಗಳಲ್ಲಿ ಕೊಲ್ಲುತ್ತದೆ. ಜಾಸ್ತಿ ಇದ್ದಾಗ ಮೂಗಿಗೆ ಅದರ ವಾಸನೆಯೇ ತಿಳಿಯುವುದಿಲ್ಲ. ಎತ್ತಲು ಇಳಿದ ಎರಡನೆಯವರೂ ಹಾಗೇ ಸಾಯುತ್ತಾರೆ. ಉದ್ದ ಕೋಲಿಗೆ ಬಾಟಲಿ ಕಟ್ಟಿ ಅಥವಾ ಪಂಪ್ ಟ್ಯೂಬ್ ಬಿಟ್ಟು ಮೇಲಿನಿಂದಲೇ ತೆಗೆಯಬೇಕು, ಸಿಗದಿದ್ದರೆ ಆ ದಿನ ಸ್ಯಾಂಪಲ್ ಇಲ್ಲ ಅಂತ ಬರೆಯಬೇಕು. ಒಂದು ದಿನದ ಲೆಕ್ಕ ತಪ್ಪಿದರೆ ನಮಗೆ ಏನೂ ಆಗುವುದಿಲ್ಲ. ಗ್ಲೌಸ್ ಜೊತೆ ಮುಖ ಮುಚ್ಚುವ ಶೀಲ್ಡ್, ಮಾಸ್ಕ್, ಬೂಟು ಕೇಳಿ. ಟೆಟನಸ್, ಹೆಪಟೈಟಿಸ್ ಎ ಲಸಿಕೆ ಆಗಿದೆಯಾ ನೋಡಿಸಿಕೊಳ್ಳಿ. ಕೈ ತೊಳೆಯದೆ ಊಟ, ಬೀಡಿ, ಮೊಬೈಲ್ ಮುಟ್ಟಬೇಡಿ. ನಿಮ್ಮ ಮೇಲಿನವರ ಜೊತೆ ಮಾತಾಡಲು ಆಗದಿದ್ದರೆ ನನಗೆ ಇನ್‌ಬಾಕ್ಸ್ ಮಾಡಿ, ಸ್ಯಾಂಪಲ್ ತೆಗೆಯುವ ನಿಯಮ ಬರೆದು ಕೊಡುತ್ತೇನೆ, ಅದನ್ನು ಅವರ ಕೈಗೆ ಕೊಡಿ.

ಪಂಪ್‌ಹೌಸ್ ಹುಡುಗ: ಮಾಡ್ತೀನಿ ಮೇಡಂ. ಇನ್ನೊಂದು, ನಮ್ಮ ಜೊತೆ ಇನ್ನಿಬ್ಬರು ಇದ್ದಾರೆ, ಅವರಿಗೂ ಬೇಕು.

ಮೇಡಂ: ಮೂವರಿಗೂ ಕಳಿಸುತ್ತೇನೆ. ಈಗಲೇ ಬರೆಯಿರಿ.