ಕಾರವಾರದ ಹೊಸ ಮನೆಗೆ ಸ್ಮಾರ್ಟ್ ಸ್ವಿಚ್ಚು, ಹೋಂ ಥಿಯೇಟರು: ಹಾಕಿಸಿದವರು ಹೇಳಿ

ಕೋಡಿಬಾಗದವ: ಚಿರೇಕಲ್ಲಿನ ಮನೆ, ಮೇಲೊಂದು ಮಹಡಿ. ಸೋಮವಾರದಿಂದ ಪ್ಲಾಸ್ಟರ್. ದೀಪ, ಫ್ಯಾನು, ಗೀಸರು ಮೊಬೈಲಿನಲ್ಲಿ ನಡೆಯಬೇಕು. ವೈಫೈ ಸ್ವಿಚ್ಚು ಹಾಕಲೋ, ಜಿಗ್‌ಬೀಯೋ (ವೈಫೈ ಬಿಟ್ಟು ತನ್ನದೇ ನಿಸ್ತಂತು ಜಾಲದಲ್ಲಿ ನಡೆಯುವಂಥದ್ದು), ಅಥವಾ ಮ್ಯಾಟರ್ (ಬೇರೆ ಬೇರೆ ಕಂಪನಿಯ ಸಾಮಾನು ಒಟ್ಟಿಗೆ ನಡೆಸುವ ಪದ್ಧತಿ) ಮಾಲು ಅಗ್ಗವಾಗಲಿ ಅಂತ ಕಾಯಲೋ? ಟಿವಿ ಹಿಂದೆ ಗೋಡೆಯೊಳಗೆ ಎಷ್ಟು ಇಂಚಿನ ಪೈಪು? ಬಜೆಟ್ಟು ಒಂದೂವರೆ ಲಕ್ಷ.

ಅಂಕೋಲೆ ಬಂದರು: ವೈಫೈ ಮಾತ್ರ ಬೇಡ. 31 ಸ್ವಿಚ್ಚು ಮಾಡ್ಯೂಲು, ಒಂದಕ್ಕೆ 1,100ರಂತೆ 34,100 ರೂಪಾಯಿ ನೀರಿಗೆ ಹಾಕಿದ ಹಾಗಾಯ್ತು. ಕಂಪನಿ ಕೊಟ್ಟ ಪುಕ್ಕಟೆ ರೂಟರಿಗೆ ಅಷ್ಟು ಸಂಪರ್ಕ ತಾಳುವ ತ್ರಾಣ ಇಲ್ಲ. ಕರೆಂಟು ಹೋಗಿ ಬಂದ ಕೂಡಲೇ 31 ಒಟ್ಟಿಗೆ ಬಾಗಿಲು ಬಡಿಯುತ್ತವೆ, ಐದಾರು ಹೊರಗೇ ಉಳಿಯುತ್ತವೆ. ಮೇಲಿಂದ ಚಿರೇಕಲ್ಲು. ಮಳೆಗಾಲದಲ್ಲಿ ನೀರು ಕುಡಿದ ಗೋಡೆ ಎರಡು ದಾಟುವಷ್ಟರಲ್ಲಿ ವೈಫೈ ಸಿಗ್ನಲ್ಲು ಸೊರಗಿಯೇ ಹೋಗುತ್ತದೆ. ಇನ್ನೊಂದು, 'ಪವರ್ ಆನ್ ಸ್ಟೇಟ್' ಎಂಬ ಸೆಟ್ಟಿಂಗು. ಗೀಸರಿಗೆ ಅದು 'ಆಫ್' ಇರಲೇಬೇಕು. 'ಆನ್' ಇದ್ದರೆ ರಾತ್ರಿ ಎರಡಕ್ಕೆ ಕರೆಂಟು ಬಂದಾಗ ಗೀಸರೂ ಎದ್ದು ಕೂತುಕೊಳ್ಳುತ್ತದೆ. ಆ ತಿಂಗಳ ಬಿಲ್ಲು ಕೇಳಬೇಡಿ.

ಶಿರಸಿ ತೋಟ: ರೂಟರು ಬದಲಿಸುವ ಬದಲು ವೈಫೈಗೇ ಬೈದರೆ ಹೇಗೆ? ಆದರೂ ನಾನು ಜಿಗ್‌ಬೀ ಪಕ್ಷ. ಹಳೇ ಮಿನಿ ಪಿಸಿ, ಅದರಲ್ಲಿ ಹೋಂ ಅಸಿಸ್ಟೆಂಟ್ ಎಂಬ ಮನೆ ನಡೆಸುವ ಸಾಫ್ಟ್‌ವೇರು, ಸಿಗ್ನಲ್ಲಿಗೆ ಯುಎಸ್‌ಬಿಗೆ ಚುಚ್ಚುವ ಒಂದು ಜಿಗ್‌ಬೀ ಡಾಂಗಲು, ಅಷ್ಟೇ. ಇಂಟರ್ನೆಟ್ ಎರಡು ದಿನ ಇಲ್ಲದಿದ್ದರೂ ಸ್ವಿಚ್ಚು ನಡೆಯುತ್ತದೆ. ಡಾಂಗಲನ್ನು ನೇರ ಯುಎಸ್‌ಬಿ 3 ಪೋರ್ಟಿಗೆ ಚುಚ್ಚಬೇಡಿ. ಆ ಪೋರ್ಟಿನ ಗದ್ದಲ ಜಿಗ್‌ಬೀ ನಡೆಯುವ 2.4 ಗಿಗಾಹರ್ಟ್ಸಿನಲ್ಲೇ ಏಳುತ್ತದೆ. ಒಂದು ಮೀಟರಿನ ಎಕ್ಸ್‌ಟೆನ್ಶನ್ ಕೇಬಲು ಕೊಟ್ಟು ದೂರ ಇಡಿ. ವೈಫೈ 1 ಅಥವಾ 6ನೇ ಚಾನೆಲ್ಲಿನಲ್ಲಿದ್ದರೆ ಜಿಗ್‌ಬೀ 25ಕ್ಕೆ ಹಾಕಿ. ಮಿನಿ ಪಿಸಿ ಬದಲು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಆದರೆ ಮೆಮರಿ ಕಾರ್ಡಿನ ಮೇಲೆ ನಡೆಸಬೇಡಿ, ಬರೆದೂ ಬರೆದೂ ಸಾಯುತ್ತದೆ, ಎಸ್‌ಎಸ್‌ಡಿ ಬೇಕು. ಮ್ಯಾಟರ್ 2022ರಲ್ಲೇ ಬಂದಿದೆ, ಕಾಯುವುದೆಂತಕ್ಕೆ? ಜಿಗ್‌ಬೀ ಸಾಮಾನನ್ನು ಬ್ರಿಡ್ಜ್ ಮೂಲಕ ನಾಳೆ ಅದರೊಳಗೆ ಸೇರಿಸಬಹುದು.

ತೋಟದ ಪಂಪಿಗೆ ಬರೀ 16 ಆಂಪ್ ರಿಲೇ (ಸ್ಮಾರ್ಟ್ ಮಾಡ್ಯೂಲಿನೊಳಗಿನ ಸಣ್ಣ ಸ್ವಿಚ್ಚು) ನಂಬಬೇಡಿ. ಒಂದೂವರೆ ಎಚ್‌ಪಿ ಮೋಟರು ಹೊರಡುವಾಗ ಐದಾರು ಪಟ್ಟು ಎಳೆದು ಕಾಂಟ್ಯಾಕ್ಟು ಬೆಸೆದುಕೊಂಡುಬಿಡುತ್ತದೆ. ಮೊಬೈಲಿನಲ್ಲಿ 'ಆಫ್', ಬಾವಿಯಲ್ಲಿ ಮೋಟರು ಒಣ ಓಟ. ಮೋಟರಿನ ಭಾರ ತಾಳುವ ದೊಡ್ಡ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರು, ಬೇರೆ ಇರಲಿ; ರಿಲೇ ಅದರ ಕಾಯಿಲನ್ನು ಮಾತ್ರ ಎಳೆಯಲಿ. ವೈಂಡಿಂಗಿಗೆ 4,800 ಕೊಟ್ಟ ಮೇಲೆ ಈ ಬುದ್ಧಿ.

ಅಂಕೋಲೆ ಬಂದರು: ಕೋಡಿಬಾಗದಲ್ಲಿ ಅಡಿಕೆ ತೋಟ ಎಲ್ಲಿ ಬಂತು ಮಾರಾಯ್ರೆ? ಘಟ್ಟದ ಮೇಲೆ ಕೂತು ಉಪ್ಪುಗಾಳಿಯ ಬಗ್ಗೆ ಒಂದಕ್ಷರ ಇಲ್ಲ. ಇಲ್ಲಿ ಹೊರಗಿನ ಕ್ಯಾಮರಾದ ಲ್ಯಾನ್ ಕೇಬಲಿನ ಪ್ಲಗ್ಗು (ಆರ್‌ಜೆ45) ಎರಡು ಮಳೆಗಾಲಕ್ಕೆ ಹಸಿರು ಹಿಡಿಯುತ್ತದೆ.

ಶಿರಸಿ ತೋಟ: ಸಿಸಿಎ ಕೇಬಲು ತಂದಿರುತ್ತೀರಿ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಬಳಿದದ್ದು. ಚಾಕುವಿನಿಂದ ಕೆರೆದು ನೋಡಿ, ಒಳಗೆ ಬಿಳಿ ಕಾಣುತ್ತದೆ. ದೋಷ ಗಾಳಿಯದ್ದಲ್ಲ.

ಅಂಕೋಲೆ ಬಂದರು: ಶುದ್ಧ ತಾಮ್ರ, 305 ಮೀಟರಿನ ಪೆಟ್ಟಿಗೆ, 9,200 ರೂಪಾಯಿ, ಬಿಲ್ಲಿದೆ. ತುದಿಗೆ ಸಿಲಿಕಾನ್ ಗ್ರೀಸು ತುಂಬಿ, ಸಂದನ್ನು ಕೆಳಮುಖವಾಗಿ ನೀರು, ಧೂಳು ಹೋಗದ ಐಪಿ66 ಪೆಟ್ಟಿಗೆಯಲ್ಲಿ ಇಟ್ಟ ಮೇಲೇ ನಿಂತಿತು. ಸ್ಕ್ರೂ 304 ಸ್ಟೀಲಾದರೂ ಕಂದು ಕಲೆ ಬರುತ್ತದೆ, 316 ಕೇಳಿ ತನ್ನಿ. ಸಮುದ್ರ ನೋಡದವರು ಸುಮ್ಮನಿದ್ದರೆ ಒಳ್ಳೆಯದು.

ಹೊನ್ನಾವರ ವೈರ್‌ಮನ್: ಇಬ್ಬರೂ ಜಗಳ ಬಿಟ್ಟು ನ್ಯೂಟ್ರಲ್ (ಕರೆಂಟು ಮರಳುವ ಕಪ್ಪು ವೈರು) ಬಗ್ಗೆ ಹೇಳಿ. ನಮ್ಮ ಕಡೆ ಸ್ವಿಚ್ ಬೋರ್ಡಿಗೆ ಫೇಸ್ ಮಾತ್ರ ಇಳಿಸುವ ರೂಢಿ. ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ಚು ದೀಪದ ಮೂಲಕವೇ ಚೂರು ಕರೆಂಟು ಎಳೆದುಕೊಳ್ಳುತ್ತದೆ. 3 ವ್ಯಾಟಿನ ಎಲ್‌ಇಡಿ ಆರಿಸಿದರೂ ಮಿಣಮಿಣ. ಆಮೇಲೆ ದೀಪಕ್ಕೊಂದು ಬೈಪಾಸ್ ಕೆಪಾಸಿಟರು ಹಚ್ಚುತ್ತಾ ಕೂರಬೇಕು. ಪ್ಲಾಸ್ಟರಿಗೆ ಮೊದಲು ಪ್ರತಿ ಬೋರ್ಡಿಗೂ ಕಪ್ಪು ವೈರೊಂದು ಇಳಿಸಿ, ಒಳಪೆಟ್ಟಿಗೆ ಆಳದ್ದೇ ಕೂರಿಸಿ. ಇಡೀ ಮನೆಯನ್ನು ಒಂದೇ 30 ಮಿಲಿ ಆಂಪ್ ಆರ್‌ಸಿಸಿಬಿಗೆ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು) ಕಟ್ಟಬೇಡಿ. ಒಂದೊಂದು ಅಡಾಪ್ಟರೂ ಚೂರು ಚೂರು ಸೋರುತ್ತದೆ, ಅದರ ಮೇಲೆ ಆಷಾಢದ ಥಂಡಿ ಸೇರಿದರೆ ಕಾರಣವಿಲ್ಲದೆ ಬೀಳುತ್ತದೆ. ಕನಿಷ್ಠ ಎರಡು ಮಾಡಿ. ಸಿಡಿಲಿನ ಹೊಡೆತ ಅರ್ಥಿಗೆ ಇಳಿಸುವ ಟೈಪ್ 2 ಎಸ್‌ಪಿಡಿ ಮೇನ್ ಬೋರ್ಡಿನಲ್ಲೇ ಇರಲಿ, ಅರ್ಥಿಗೆ ಹೋಗುವ ವೈರು ಅರ್ಧ ಮೀಟರ್ ಮೀರಬಾರದು.

ಶಿರಸಿ ತೋಟ: ಎಸ್‌ಪಿಡಿ ಇದ್ದೂ ನನ್ನ 40 ಮೀಟರಿನ ಲ್ಯಾನ್ ಕೇಬಲಿನಲ್ಲಿ ಸಿಡಿಲು ಬಂತು. ಮನೆಯಿಂದ ಕೊಟ್ಟಿಗೆಗೆ ಎಳೆದದ್ದು. ನೆಟ್‌ವರ್ಕ್ ಸ್ವಿಚ್, ಎನ್‌ವಿಆರ್ (ಕ್ಯಾಮರಾದ ರೆಕಾರ್ಡರು), ಟಿವಿಯ ಎಚ್‌ಡಿಎಂಐ ಪೋರ್ಟು ಹೋಗಿ 27,000 ನಷ್ಟ. ಈಗ ಫೈಬರು. ಅದರ ಜೊತೆ ಬರುವ ಸ್ಟೀಲ್ ತಂತಿಯನ್ನು ಹೊರಗೇ ಕತ್ತರಿಸಿ, ಒಳಗೆ ತಂದರೆ ಮತ್ತೆ ಅದೇ ಕಥೆ.

ಹೊನ್ನಾವರ ವೈರ್‌ಮನ್: ಅರ್ಥ್ ಅಳೆಸಿದ್ದಿರಾ? ಚಿರೇಮಣ್ಣು ಬೇಸಿಗೆಯಲ್ಲಿ ಒಣಗಿದರೆ ಗುಂಡಿ ಇದ್ದೂ ಇಲ್ಲದಂತೆ. 5 ಓಮಿನೊಳಗೆ ಬರದಿದ್ದರೆ ಎಸ್‌ಪಿಡಿ ಬರೀ ಶೋಕಿ.

ಶಿರಸಿ ತೋಟ: 3.8 ಇತ್ತು.

ಹೊನ್ನಾವರ ವೈರ್‌ಮನ್: ಯಾವ ತಿಂಗಳಲ್ಲಿ?

ಶಿರಸಿ ತೋಟ: ಆಗಸ್ಟ್.

ಹೊನ್ನಾವರ ವೈರ್‌ಮನ್: ಅದೇ ನೋಡಿ.

ಕುಮಟಾ ಹಂಚಿನಮನೆ: ಥಿಯೇಟರಿನ ಮಾತು ಯಾರೂ ಎತ್ತಲಿಲ್ಲ. 62,000ದ ಅಟ್ಮೋಸ್ (ಮೇಲಿಂದಲೂ ಸದ್ದು ಬಂದಂತೆ ಕೇಳಿಸುವ) ಸೌಂಡ್‌ಬಾರು ನನ್ನಲ್ಲಿ ಅರ್ಧ ದಂಡ. ಮೇಲೆ ಮುಖ ಮಾಡಿದ ಸ್ಪೀಕರು ಸಪಾಟು ತಾರಸಿಗೆ ತಾಗಿ ಕಿವಿಗೆ ಬರಬೇಕು. ಇಳಿಜಾರು ಹಂಚಿನ ಮಾಡಿಗೆ ತಾಗಿದ್ದು ಅಡುಗೆಮನೆಗೆ ಹೋಗುತ್ತದೆ. ಮಳೆ ಹಿಡಿದರೆ ಅದೂ ಇಲ್ಲ, ಸಬ್‌ಟೈಟಲೇ ಗತಿ. ಪ್ರೊಜೆಕ್ಟರು ಅಂತೂ ಬೇಡ, ಥಂಡಿಗೆ ಲೆನ್ಸಿಗೆ ಬೂಷ್ಟು.

ಅಂಕೋಲೆ ಬಂದರು: ಬಟ್ಟೆ ಮುಚ್ಚಿಟ್ಟರೆ ಬೂಷ್ಟು ಬಾರದೆ ಇರುತ್ತದೆಯೇ? ವಾರಕ್ಕೆರಡು ಸಲ ಒಂದು ತಾಸು ಹಚ್ಚಿಡಿ, ನನ್ನದು ನಾಲ್ಕು ಮಳೆಗಾಲ ಕಂಡಿದೆ.

ಕುಮಟಾ ಹಂಚಿನಮನೆ: 31 ಸ್ವಿಚ್ಚು ತಾಳದವರು ಪ್ರೊಜೆಕ್ಟರಿನ ಪಾಠ ಹೇಳುತ್ತಿದ್ದೀರಿ.

ಕೋಡಿಬಾಗದವ: ನನ್ನದು ಕಾಂಕ್ರೀಟು ತಾರಸಿ, ಸಪಾಟು. ಪೈಪು ಎಷ್ಟು ಇಂಚು, ಅದನ್ನು ಯಾರೂ ಹೇಳಲಿಲ್ಲ. ನಾಳೆ ಗೌಂಡಿ ಬರುತ್ತಾನೆ.

ಹೊನ್ನಾವರ ವೈರ್‌ಮನ್: ಎರಡು ಇಂಚು. ಎಲ್ಬೋ ಬೇಡ, ಉದ್ದ ಬೆಂಡು ಹಾಕಿ; ಒಂದು ಇಂಚಿನ ಎಲ್ಬೋದಲ್ಲಿ ಎಚ್‌ಡಿಎಂಐ ಪ್ಲಗ್ಗು ತಿರುಗುವುದಿಲ್ಲ. ಒಳಗೆ ನೈಲಾನ್ ದಾರ ಬಿಟ್ಟು, ಎರಡೂ ಬಾಯಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಗೌಂಡಿ ಸಿಮೆಂಟು ತುಂಬುತ್ತಾನೆ. ಐದು ಮೀಟರ್ ದಾಟಿದರೆ ಆಪ್ಟಿಕಲ್ ಎಚ್‌ಡಿಎಂಐ ತನ್ನಿ. ಅದಕ್ಕೆ ದಿಕ್ಕುಂಟು, 'ಡಿಸ್‌ಪ್ಲೇ' ಅಥವಾ 'ಟಿವಿ' ಅಂತ ಬರೆದ ತುದಿ ಟಿವಿ ಕಡೆಗೇ ಇರಬೇಕು. ಸೌಂಡ್‌ಬಾರಿಗೆ ಇಆರ್ಕ್ (ಟಿವಿಯ ಸದ್ದು ಅದೇ ಕೇಬಲಿನಲ್ಲಿ ವಾಪಸು ಬರುವುದು) ದಾಟಿಸುತ್ತದೆಯೇ ಅಂತ ಡಬ್ಬಿಯ ಮೇಲೆ ಓದಿಯೇ ತೆಗೆದುಕೊಳ್ಳಿ.

ಶಿರಸಿ ತೋಟ: ಪಕ್ಕದಲ್ಲೇ ಲ್ಯಾನಿಗೊಂದು ಬೇರೆ ಪೈಪು ಇರಲಿ, ಕರೆಂಟಿನ ಪೈಪಿನಲ್ಲಿ ಸೇರಿಸಬೇಡಿ. ಮತ್ತೆ ವೈರ್‌ಮನ್ನರೇ, ಆಗಸ್ಟಿನಲ್ಲಿ ಅಳೆದರೇನು ತಪ್ಪು? ಸಿಡಿಲು ಬಂದದ್ದು ಅಕ್ಟೋಬರಿನಲ್ಲಿ, ಆಗ ಮಣ್ಣು ಹಸಿಯೇ ಇತ್ತು.