ಮಡಿಕೇರಿ ಕೋಟೆಯೊಳಗಿನದು ಇಗರ್ಜಿಯೋ, ಚರ್ಚೋ?

ಎಲ್ಲರಿಗೂ ನಮಸ್ಕಾರ. 'ಇಗರ್ಜಿ', ಅಂದರೆ ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಚರ್ಚಿಗೆ ಹೇಳುವ ಪದ, ಅದರ ವಿಚಾರ ಎರಡು ವಾರದಿಂದ ತಲೆಯಲ್ಲಿ ಕೂತಿದೆ. ತಿಳಿದವರು ಹೇಳಿ.

ಶಾಲೆಯ ಮಕ್ಕಳನ್ನು ಮಡಿಕೇರಿ ಕೋಟೆಗೆ ಕರೆದುಕೊಂಡು ಹೋಗುವುದಿದೆ. ಅವರ ಕೈಗೆ ಕೊಡಲು ಒಂದು ಪುಟ ಬರೆಯೋಣ ಅಂತ ನಾನು, ಗೆಳತಿ, ಅವಳ ಅಮ್ಮ ಮೊದಲೇ ಹೋಗಿ ನೋಡಿಕೊಂಡು ಬಂದೆವು. ಕೋಟೆಯೊಳಗಿನ ಸಂತ ಮಾರ್ಕರ ಚರ್ಚ್ ನಿಮಗೆಲ್ಲ ಗೊತ್ತೇ ಇರುತ್ತದೆ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಮೇಲೆ, ಅಲ್ಲಿದ್ದ ವೀರಭದ್ರ ದೇವಸ್ಥಾನವನ್ನು ಕೆಡವಿ 1855ರಲ್ಲಿ ಕಟ್ಟಿದ್ದು. 1971ರಲ್ಲಿ ಮುಚ್ಚಿತು, ಈಗ ಸರ್ಕಾರದ ಮ್ಯೂಸಿಯಂ. ಬಣ್ಣದ ಗಾಜಿನ ಕಿಟಕಿ ಮೇಲಿದೆ, ಕೆಳಗೆ ಹಳೇ ವಿಗ್ರಹಗಳು, ಆಯುಧಗಳು.

ನನ್ನ ಕರಡಿನಲ್ಲಿ 'ಹಳೆಯ ಇಗರ್ಜಿ' ಅಂತ ಬರೆದಿದ್ದೆ. ಗೆಳತಿಯ ಅಮ್ಮ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು, ಓದಿ ತಕ್ಷಣ ಹೇಳಿದರು: "ಇದನ್ನು ಇಗರ್ಜಿ ಅನ್ಬೇಡ ಮಗಾ. ಇದು ಇಂಗ್ಲಿಷಿನವರ ಚರ್ಚ್. ಮಿಸ್ಸಾ ಇಲ್ಲ, ಪಾದ್ರಿ ಇಲ್ಲ, ಜನ ಇಲ್ಲ, ಮತ್ತೆಂಥ ಇಗರ್ಜಿ?" (ಮಿಸ್ಸಾ ಅಂದರೆ ಕ್ಯಾಥೊಲಿಕರ ಬಲಿಪೂಜೆ.)

ಆ ಕೊನೇ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಇಗರ್ಜಿ ಬಂದದ್ದು ಪೋರ್ಚುಗೀಸರ 'ಇಗ್ರೇಜ'ದಿಂದ, ಅದರ ಬೇರು ಗ್ರೀಕಿನ 'ಎಕ್ಲೇಸಿಯಾ', ಅಂದರೆ ಕರೆದು ಸೇರಿಸಿದ ಜನ, ಸಭೆ. ಚರ್ಚ್ ಎಂಬುದರ ಬೇರೂ ಗ್ರೀಕೇ, ಆದರೆ ಅಲ್ಲಿ ಅರ್ಥ 'ಒಡೆಯನದು', ಒಡೆಯನ ಮನೆ. ಹಾಗಾದರೆ ಜನ ಬಿಟ್ಟುಹೋದ, ಗೋಡೆ ಮಾತ್ರ ಉಳಿದ ಕಟ್ಟಡಕ್ಕೆ ಬೇರಿನ ಅರ್ಥದಲ್ಲೂ ಚರ್ಚ್ ಅನ್ನುವುದೇ ಸರಿ ಹೊಂದುತ್ತದೆ, ಅಲ್ವಾ? ಅವರು ಯಾವ ನಿಘಂಟನ್ನೂ ನೋಡಿ ಹೇಳಿದ್ದಲ್ಲ, ಬಳಕೆಯ ಕಿವಿಯಿಂದ ಹೇಳಿದ್ದು. ನನಗೆ ಅದು ಜಾಸ್ತಿ ಹಿಡಿಸಿತು.

ಆದರೆ ಬೇರು ನೋಡಿ ಪದ ಬಳಸುವವರು ಯಾರೂ ಇಲ್ಲ, ಅದೂ ನಿಜ. ವಿರಾಜಪೇಟೆಯ ಸಂತ ಅನ್ನಮ್ಮನವರದು 1792ರಷ್ಟು ಹಳೆಯದು, ಕ್ಯಾಥೊಲಿಕರದೇ, ಇವತ್ತಿಗೂ ಪೂಜೆ ನಡೆಯುತ್ತದೆ. ಅದಕ್ಕೆ ಇಗರ್ಜಿ ಅಂದರೆ ಯಾವ ಅಡ್ಡಿಯೂ ಇರಬಾರದು, ಆದರೂ ನನ್ನ ಕಿವಿಗೆ ಬಿದ್ದಿರುವುದು 'ದೇವಾಲಯ' ಇಲ್ಲವೇ 'ಚರ್ಚ್'. ಇನ್ನು ನಮ್ಮ ಪಕ್ಕದ ಮನೆಯ ಮಲಯಾಳಿಗಳು ಚರ್ಚಿಗೂ ಮಸೀದಿಗೂ 'ಪಳ್ಳಿ' ಎಂದೇ ಅನ್ನುತ್ತಾರೆ. ನಮ್ಮ 'ಹಳ್ಳಿ'ಯೂ ಅದೇ ಪದದ ಇನ್ನೊಂದು ರೂಪ ಅನ್ನುವುದನ್ನು ಮಕ್ಕಳಿಗೆ ಹೇಳಲೇಬೇಕು ಅನ್ನಿಸಿದೆ.

ನನ್ನ ಪುಟದಲ್ಲಿ ಸದ್ಯಕ್ಕೆ 'ಕೋಟೆಯ ಹಳೇ ಚರ್ಚ್, ಈಗ ಮ್ಯೂಸಿಯಂ' ಅಂತ ತಿದ್ದಿದ್ದೇನೆ. 'ಮಾಜಿ ಚರ್ಚ್' ಅಂತ ಒಬ್ಬರು ಸೂಚಿಸಿದರು, ಅದು ಮಾಜಿ ಮಂತ್ರಿಯ ಹಾಗೆ ಕೇಳುತ್ತದೆ, ಬೇಡ. ಈಗ ಕೊಡಗಿನವರಲ್ಲಿ ನನ್ನ ಪ್ರಶ್ನೆ: ನಿಮ್ಮ ಮನೆಯ ಹಿರಿಯರು, ಅದರಲ್ಲೂ 1971ಕ್ಕೆ ಮೊದಲು ಅಲ್ಲಿ ಗಂಟೆ ಹೊಡೆಯುವುದನ್ನು ಕೇಳಿದವರು, ಅದನ್ನು ಏನಂತ ಕರೆಯುತ್ತಿದ್ದರು? ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ ಬೇರೆ ಪದವಿತ್ತಾ? ಸುಮ್ನೆ ಊಹೆ ಬೇಡ, ಮನೆಯಲ್ಲಿ ಒಮ್ಮೆ ಕೇಳಿ ಬರೆಯಿರಿ. ಮಕ್ಕಳ ಪುಟದಲ್ಲಿ ಆ ಪದವನ್ನೂ ಸೇರಿಸುತ್ತೇನೆ.